ವಾದಿಯ ಶಿಕ್ಷಣ: ಪ್ರಾಚೀನ ಕರ್ನಾಟಕದ ವಾದಸಭೆಗಳನ್ನು ಕುರಿತು

ಬದಲಾಪುರಕ್ಕೆ ನೆರೆಯದಾದ ಅಂಬರನಾಥದ ಶಿವಾಲಯದಲ್ಲಿ ಶಕ ೯೮೨ರ, ಎಂದರೆ ಕ್ರಿ. ಶ. ೧೦೬೦ರ ಶಾಸನವೊಂದುಂಟು. ಆ ದೇವಾಲಯವು ಉತ್ತರ ಕೊಂಕಣವನ್ನಾಳಿದ ಶಿಲಾಹಾರ ವಂಶದ ಮುಮ್ಮುಣಿಯ ಕಾಲದ್ದೆಂಬುದು ಅದರಿಂದ ವಿದಿತವಾಗುತ್ತದೆ. ಈ ಅರಸರ ರಾಜಧಾನಿಗಳಲ್ಲಿ ಸ್ಥಾನಕವೂ ಒಂದು. ಇಂದಿನ ಠಾಣೆಯೇ ಅದು. ಅವರ ತಾಮ್ರಪಟಗಳ ಭಾಷೆ ಸಂಸ್ಕೃತವಾದರೂ ಬಿರುದುಗಳ ಸಾಲಿಗೆ ಬಂದೊಡನೆ 'ಮಲಗಲಗಂಡ', 'ನನ್ನಿಸಮುದ್ರ' ಎಂಬಂಥ ಕನ್ನಡ ಪದಗಳು ಕಾಣಿಸಿಕೊಳ್ಳುತ್ತವೆ. ರಾಷ್ಟ್ರಕೂಟರ ಸಾಮಂತರಾಗಿ ಬೆಳೆದ ಮನೆತನಕ್ಕೆ ಇದು ಸಹಜವೇ ಆಗಿತ್ತು. ಇದೇ ವಂಶದ ಅಪರಾದಿತ್ಯನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ತೇಜಃಕಂಠನೆಂಬ ವಿದ್ವಾಂಸನನ್ನು ದೂರದ ಕಾಶ್ಮೀರಕ್ಕೆ ದೂತನನ್ನಾಗಿ ಕಳುಹಿಸಿದನು. ಮಂಖಕವಿಯು ತನ್ನ 'ಶ್ರೀಕಂಠಚರಿತ'ದ ಕೊನೆಯ ಸರ್ಗದಲ್ಲಿ, ತನ್ನ ಅಣ್ಣ ಅಲಂಕಾರನ ಮನೆಯಲ್ಲಿ ನೆರೆದ ಪಂಡಿತಸಭೆಯನ್ನು ವರ್ಣಿಸುತ್ತ ಈ ಕೊಂಕಣದ ದೂತನನ್ನೂ ಹೆಸರಿಸಿದ್ದಾನೆ.

ಅರಸನು ದೂತನನ್ನು ಆರಿಸುವಾಗ ಕತ್ತಿ ಹಿಡಿಯಬಲ್ಲವನನ್ನಲ್ಲ, ಸಭೆಯಲ್ಲಿ ಕುಳಿತು ಮಾತನಾಡಬಲ್ಲವನನ್ನು ಆರಿಸಿದನೆಂಬುದು ಇಲ್ಲಿ ಗಮನಾರ್ಹ. ಅಂಥ ಮನುಷ್ಯನು ಹೇಗೆ ಸಿದ್ಧನಾಗುತ್ತಿದ್ದನು? ಅವನಿಗೆ ಏನನ್ನು ಕಲಿಸುತ್ತಿದ್ದರು? ಯಾವ ಮನೋಧರ್ಮವನ್ನು ಅವನಿಂದ ನಿರೀಕ್ಷಿಸುತ್ತಿದ್ದರು? ಈ ಪ್ರಶ್ನೆಗಳಿಗೆ ಕೊಂಕಣದ ಶಾಸನಗಳಲ್ಲಿ ಉತ್ತರ ದೊರೆಯುವುದಿಲ್ಲ. ಉತ್ತರವಿರುವುದು ಕನ್ನಡನಾಡಿನ ಶಿಲಾಶಾಸನಗಳಲ್ಲಿ ಮತ್ತು ಆ ನಾಡಿನ ತಾರ್ಕಿಕರು ಸಂಸ್ಕೃತದಲ್ಲಿ ಬರೆದಿಟ್ಟ ಗ್ರಂಥಗಳಲ್ಲಿ.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿರುವ ಶಕ ೧೦೫೦ರ ಕಂಬವು 'ಮಲ್ಲಿಷೇಣ ಪ್ರಶಸ್ತಿ' ಎಂಬ ಹೆಸರಿನಿಂದ ವಿದ್ವಾಂಸರಿಗೆ ಪರಿಚಿತವಾಗಿದೆ. ಇದು ಒಬ್ಬ ಯತಿಯ ಸ್ಮಾರಕ. ಆದರೆ ಅದರ ನಾಲ್ಕು ಮುಖಗಳನ್ನೂ ತುಂಬಿರುವುದು ಅವನ ಪೂರ್ವಾಚಾರ್ಯರ ವಾದವಿಜಯಗಳ ವರ್ಣನೆ. ಸಮಂತಭದ್ರನು ಮೊದಲು ಪಾಟಲಿಪುತ್ರದಲ್ಲಿ ವಾದಭೇರಿಯನ್ನು ಬಾರಿಸಿ, ಅನಂತರ ಮಾಳವ, ಸಿಂಧು, ಠಕ್ಕ, ಕಾಂಚಿ, ವಿದಿಶೆಗಳನ್ನು ಸುತ್ತಿ, ಕರಹಾಟಕಕ್ಕೆ ಬಂದನೆಂದು ಅವನ ಬಾಯಿಂದಲೇ ಹೇಳಿಸಿದೆ. ಕರಹಾಟಕವೆಂದರೆ ಸಾತಾರಾ ಜಿಲ್ಲೆಯ ಕರಾಡ. ವಿಮಲಚಂದ್ರನು ಶತ್ರುಭಯಂಕರನೆಂಬ ಅರಸನ ಅರಮನೆಯ ಬಾಗಿಲಿಗೆ ಪಂಥದ ಪತ್ರವನ್ನು ತೂಗಹಾಕಿ ಶೈವರನ್ನೂ ಪಾಶುಪತರನ್ನೂ ಬೌದ್ಧರನ್ನೂ ಕಾಪಾಲಿಕರನ್ನೂ ವಾದಕ್ಕೆ ಕರೆದನು. ಮಹೇಶ್ವರನೆಂಬವನು ಎಪ್ಪತ್ತು ಮಹಾವಾದಗಳನ್ನು ಗೆದ್ದವನು. ಪರವಾದಿಮಲ್ಲನು ಕೃಷ್ಣರಾಜನೆಂಬ ಅರಸನು ಹೆಸರನ್ನು ಕೇಳಿದಾಗ ತನ್ನ ಹೆಸರಿನ ನಿರುಕ್ತಿಯನ್ನೇ ಉತ್ತರವಾಗಿ ಕೊಟ್ಟನು: ಹಿಡಿದ ಪಕ್ಷಕ್ಕೆ ಬೇರಾದುದು ಪರ, ಅದನ್ನು ನುಡಿಯುವವರು ಪರವಾದಿಗಳು, ಅವರೊಡನೆ ಹೋರುವವನು ಪರವಾದಿಮಲ್ಲ. ಹೆಸರು ಹೇಳುವುದರಲ್ಲಿಯೂ ಪ್ರತಿಜ್ಞೆ, ವಿವರಣೆ, ನಿಗಮನಗಳ ಕ್ರಮವನ್ನು ಬಿಡದ ಈ ಆಚಾರ್ಯನನ್ನು ನೆನೆದರೆ ಓದುಗರ ಮುಖದಲ್ಲಿ ನಗೆ ಮೂಡದಿರದು.

ಪ್ರಶಸ್ತಿಯನ್ನು ಪ್ರಶಸ್ತಿಯೆಂದೇ ಓದಬೇಕು. ಗೆದ್ದವರ ಕಡೆಯವರು ಕಡೆಸಿದ ಕಲ್ಲಿನಲ್ಲಿ ಸೋತವರ ಮಾತು ಕೇಳಿಬರುವುದಿಲ್ಲ. ಶೈವ ಶಾಸನಗಳಲ್ಲಿ ಶೈವಾಚಾರ್ಯರು ಜೈನರನ್ನೂ ಬೌದ್ಧರನ್ನೂ ಇದೇ ಧಾಟಿಯಲ್ಲಿ ಗೆಲ್ಲುತ್ತಾರೆ. ಎರಡು ಪಟ್ಟಿಗಳನ್ನೂ ಒಟ್ಟಿಗೆ ನಂಬಿದರೆ ಕರ್ನಾಟಕದಲ್ಲಿ ಯಾರೂ ಯಾವ ವಾದದಲ್ಲಿಯೂ ಸೋಲಲಿಲ್ಲವೆಂದು ಹೇಳಬೇಕಾದೀತು. ಅಕಲಂಕನು ಹಿಮಶೀತಲನೆಂಬ ಅರಸನ ಸಭೆಯಲ್ಲಿ ಬೌದ್ಧರನ್ನು ಗೆದ್ದ ಕಥೆ ಸುಪ್ರಸಿದ್ಧವಾದರೂ ಹಿಮಶೀತಲನು ಯಾರೆಂಬುದು ಇಂದಿಗೂ ನಿರ್ಣಯವಾಗಿಲ್ಲ. ಅಕಲಂಕನನ್ನು ಮನ್ನಿಸಿದ ಸಾಹಸತುಂಗನನ್ನು ಮಾತ್ರ ರಾಷ್ಟ್ರಕೂಟ ದಂತಿದುರ್ಗನೆಂದು ಬಹುಮಂದಿ ವಿದ್ವಾಂಸರು ಗುರುತಿಸುತ್ತಾರೆ. ಆದುದರಿಂದ ಯಾರು ಯಾರನ್ನು ಗೆದ್ದರೆಂಬುದಕ್ಕೆ ಈ ಕಂಬವು ದುರ್ಬಲವಾದ ಸಾಕ್ಷಿ. ಆದರೆ ವಾದಿಯೆಂದರೆ ಹೇಗಿರಬೇಕೆಂದು ಆ ಕಾಲದವರು ಭಾವಿಸಿದ್ದರೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷಿ ದೊರೆಯಲಾರದು. ಹೇಮಸೇನನು ಪಂಥವನ್ನು ಸಾರುವಾಗ ತರ್ಕ ವ್ಯಾಕರಣಗಳಲ್ಲಿ ಶ್ರಮಪಟ್ಟವನೇ ತನ್ನೆದುರು ನಿಲ್ಲಬೇಕೆಂದೂ ಅರಸನ ಸಮ್ಮುಖದಲ್ಲಿ ಮಧ್ಯಸ್ಥರಾದ ಪ್ರಾಜ್ಞರಿರಬೇಕೆಂದೂ ಮೊದಲೇ ಹೇಳುತ್ತಾನೆ. ಅಕಲಂಕನ ಬಾಯಲ್ಲಿ ಇಟ್ಟಿರುವ ಪದ್ಯದ ಆಶಯ ಇನ್ನೂ ವಿಶೇಷವಾದುದು: ಅಹಂಕಾರಕ್ಕೆ ವಶವಾಗಿ ಅಲ್ಲ, ದ್ವೇಷದಿಂದಲೂ ಅಲ್ಲ, ನೈರಾತ್ಮ್ಯವಾದವನ್ನು ನಂಬಿ ಕೆಡುತ್ತಿರುವ ಜನರ ಮೇಲಣ ಕರುಣೆಯಿಂದ ತಾನು ವಾದಿಸಿದೆನೆಂದು ಅವನು ಹೇಳಿಕೊಳ್ಳುತ್ತಾನೆ. ಗೆದ್ದ ಮೇಲೆ ಘಟವನ್ನು ಕಾಲಿನಿಂದೊದ್ದು ಒಡೆದುದನ್ನೂ ಆ ಪದ್ಯವೇ ಹೇಳುವುದರಿಂದ, ಆ ಕರುಣೆ ಎಷ್ಟು ನಿರ್ಮಲವಾಗಿತ್ತೆಂದು ಸಂದೇಹಿಸುವವರೂ ಇದ್ದಾರು. ಆದರೂ ವಾದಿಯು ತನ್ನ ಮನಸ್ಸಿನ ಸ್ಥಿತಿಗೆ ಸಭೆಯಲ್ಲಿ ಉತ್ತರ ಕೊಡಬೇಕಾಗಿತ್ತೆಂಬುದಂತೂ ಸ್ಪಷ್ಟ.

ಇನ್ನು ಅಭ್ಯಾಸದ ಮಾತು. ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಮೊದಲನೆಯ ಸೋಮೇಶ್ವರನ ದಂಡನಾಯಕ ಮಧುಸೂದನನು ನಡೆಸಿದ ಘಟಿಕಾಸ್ಥಾನವಿತ್ತು. (ಕೊಂಕಣದ ಕಲ್ಯಾಣದಲ್ಲಿ ನೆಲಸಿದ ಕನ್ನಡಿಗರಿಗೆ ಈ ಕಲ್ಯಾಣ ಬೇರೆ, ಆ ಕಲ್ಯಾಣ ಬೇರೆ ಎಂದು ನೆನಪಿಸಬೇಕಾದ ಅಗತ್ಯವಿಲ್ಲ, ಅವರ ಮಕ್ಕಳಿಗೆ ಇದ್ದೀತು.) ೧೦೫೮ರ ಶಾಸನದ ಪ್ರಕಾರ ಅಲ್ಲಿ ವೇದವನ್ನೋದುವ ೨೦೦ ಮಂದಿಯೂ ಶಾಸ್ತ್ರವನ್ನೋದುವ ೫೨ ಮಂದಿಯೂ ಇದ್ದರು. ಭಾಟ್ಟದರ್ಶನ, ನ್ಯಾಸ, ಪ್ರಾಭಾಕರ ಇವುಗಳಿಗೆ ಬೇರೆ ಬೇರೆ ಉಪಾಧ್ಯಾಯರಿದ್ದರು. ಪುಸ್ತಕಭಂಡಾರವನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀಭಂಡಾರಿಗರಿದ್ದರು. ಒಂದು ಸಂಗತಿಯನ್ನು ಇಲ್ಲಿ ತಡೆದು ನೋಡಬೇಕು. ಕುಮಾರಿಲನ ಭಾಟ್ಟಮತ ಮತ್ತು ಪ್ರಭಾಕರನ ಮತ ಎರಡೂ ಮೀಮಾಂಸೆಯೇ. ಆದರೆ ಪರಸ್ಪರ ವಿರೋಧಿಗಳು. ಒಂದೇ ಶಾಲೆಯಲ್ಲಿ, ಒಂದೇ ದತ್ತಿಯ ಅನ್ನವನ್ನು ಉಂಡು, ಎರಡು ಪಕ್ಷಗಳನ್ನೂ ಹೇಳುವ ಗುರುಗಳಿದ್ದರೆಂದರೆ ವಿದ್ಯಾರ್ಥಿಯ ಕಿವಿಗೆ ಪ್ರತಿದಿನವೂ ಎದುರುಪಕ್ಷ ಬೀಳುತ್ತಿತ್ತೆಂದೇ ಅರ್ಥ.

ಬಳ್ಳಿಗಾವೆಯ ಕೋಡಿಯಮಠದ ೧೧೬೨ರ ಶಾಸನವು ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಕಾಳಾಮುಖ ಶೈವರ ಆ ಮಠವು ನಾಲ್ಕು ವೇದಗಳಿಗೂ ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳಿಗೂ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮುಂತಾದ ದರ್ಶನಗಳಿಗೂ ವ್ಯಾಖ್ಯಾನಸ್ಥಾನವಾಗಿತ್ತೆಂದು ಶಾಸನ ಹೊಗಳುತ್ತದೆ. ಬೌದ್ಧದರ್ಶನವನ್ನು ಶೈವಮಠದಲ್ಲಿ ವ್ಯಾಖ್ಯಾನಿಸುತ್ತಿದ್ದರು. ಜೈನಾಚಾರ್ಯನು ರಚಿಸಿದ ಶಾಕಟಾಯನ ವ್ಯಾಕರಣವನ್ನೂ ಅಲ್ಲಿ ಹೇಳಿಕೊಡುತ್ತಿದ್ದರು. ಇದನ್ನು ಬರಿಯ ಔದಾರ್ಯವೆಂದು ಬಣ್ಣಿಸುವುದು ಭಾವುಕತೆಯಾದೀತು. ಖಂಡಿಸಬೇಕಾದುದನ್ನು ತಿಳಿಯದೆ ಖಂಡಿಸಲಾಗದು. ಪೂರ್ವಪಕ್ಷವನ್ನು ಅರೆಬರೆಯಾಗಿ ನುಡಿದವನಿಗೆ ಸಭೆಯಲ್ಲಿ ಮರ್ಯಾದೆ ಉಳಿಯುತ್ತಿರಲಿಲ್ಲ. ಔದಾರ್ಯವಿದ್ದರೆ ಅದು ಈ ಕಟ್ಟುನಿಟ್ಟಿನಿಂದ ಹುಟ್ಟಿದುದು.

ಅಕಲಂಕ ನಿಷ್ಕಲಂಕರ ಕಥೆಯು ಇದೇ ನಂಬಿಕೆಯ ಇನ್ನೊಂದು ಮುಖ. ಅಣ್ಣತಮ್ಮಂದಿರಿಬ್ಬರೂ ಬೌದ್ಧರ ಶಾಸ್ತ್ರವನ್ನು ಬೌದ್ಧರಿಂದಲೇ ಕಲಿಯಬೇಕೆಂದು ವೇಷ ಮರಸಿಕೊಂಡು ವಿಹಾರವನ್ನು ಸೇರಿದರು. ಗುಟ್ಟು ಬಯಲಾದಾಗ ಓಡಿದರು. ತಮ್ಮನು ಕೊಲೆಯಾದನು, ಅಣ್ಣನು ಉಳಿದನು. ಪ್ರಭಾಚಂದ್ರನ ಕಥಾಕೋಶದಲ್ಲಿಯೂ ಬಹಳ ಈಚಿನ ದೇವಚಂದ್ರನ 'ರಾಜಾವಳಿಕಥೆ'ಯಲ್ಲಿಯೂ ಈ ವೃತ್ತಾಂತವಿದೆ. ಶ್ವೇತಾಂಬರ ಸಂಪ್ರದಾಯದವರು ಹರಿಭದ್ರಸೂರಿಯ ಶಿಷ್ಯರಾದ ಹಂಸ ಪರಮಹಂಸರ ವಿಷಯದಲ್ಲಿ ಹೇಳುವ ಕಥೆಯೂ ಇದನ್ನೇ ಹೋಲುತ್ತದೆ. ಆದುದರಿಂದ ಇದನ್ನು ಚರಿತ್ರೆಯೆನ್ನುವುದು ಕಷ್ಟ. ಆದರೆ ಎರಡು ದೂರದ ಪ್ರಾಂತಗಳಲ್ಲಿ ಒಂದೇ ಕಥೆ ಬೇರೂರಿತೆಂದರೆ, ಪರಪಕ್ಷವನ್ನು ಪರಪಕ್ಷದವನ ಬಾಯಿಂದಲೇ ಕಲಿಯಬೇಕು, ಅದಕ್ಕಾಗಿ ಪ್ರಾಣವನ್ನೂ ಪಣವೊಡ್ಡಬೇಕು ಎಂಬ ಭಾವನೆ ತಾರ್ಕಿಕರಲ್ಲಿ ಎಷ್ಟು ಆಳವಾಗಿತ್ತೆಂಬುದು ತಿಳಿಯುತ್ತದೆ.

ಹೀಗೆ ಕಲಿತವನು ಮೊದಲು ಮಾತನಾಡುತ್ತಿದ್ದುದು ರಾಜಸಭೆಯಲ್ಲಲ್ಲ, ತನ್ನವರ ನಡುವೆ. ಗೌತಮನ ನ್ಯಾಯಸೂತ್ರಗಳು ಕಥೆಯನ್ನು ವಾದ, ಜಲ್ಪ, ವಿತಂಡಾ ಎಂದು ಮೂರಾಗಿ ವಿಂಗಡಿಸುವುದು ಸರ್ವವಿದಿತ. ತತ್ತ್ವವನ್ನು ಅರಿಯಲು ನಡೆಸುವುದು ವಾದ. ಗೆಲ್ಲಲು ನಡೆಸುವುದು ಜಲ್ಪ. ತನ್ನ ಪಕ್ಷವನ್ನೇ ಸ್ಥಾಪಿಸದೆ ಎದುರಾಳಿಯದನ್ನು ಕೆಡಹುವುದಷ್ಟೇ ವಿತಂಡಾ. ಶಿಷ್ಯ, ಗುರು, ಸಹಪಾಠಿ, ಶ್ರೇಯಸ್ಸನ್ನು ಬಯಸುವ ಅಸೂಯಾರಹಿತರು, ಇವರೊಡನೆ ಮೊದಲನೆಯ ಬಗೆಯದೇ ತಕ್ಕುದೆಂದು ಸೂತ್ರಕಾರನು ವಿಧಿಸುತ್ತಾನೆ. ತಿಳಿವಿನ ಆಸೆಯಿದ್ದವನು ತನ್ನದೇ ಪಕ್ಷವೊಂದನ್ನು ಹಿಡಿಯದೆ ಬರಿಯ ಜಿಜ್ಞಾಸುವಾಗಿಯೂ ಕುಳಿತುಕೊಳ್ಳಬಹುದು. ಜಲ್ಪ ವಿತಂಡಾಗಳಿಗೂ ಒಂದು ಉಪಯೋಗವುಂಟು: ಎಳೆಯ ಮೊಳಕೆಯನ್ನು ಕಾಯಲು ಮುಳ್ಳಿನ ಬೇಲಿಯನ್ನು ಕಟ್ಟುವಂತೆ ಅವು ತತ್ತ್ವನಿಶ್ಚಯವನ್ನು ಕಾಯುತ್ತವೆ. ಬೇಲಿಯನ್ನೇ ಬೆಳೆಯೆಂದು ತಿಳಿಯುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆಂಬುದು ಸೂತ್ರಕಾರನಿಗೆ ಗೊತ್ತಿದ್ದಿರಬೇಕು.

ವೈದ್ಯರ ಶಿಕ್ಷಣದಲ್ಲಿಯೂ ಇದೇ ಕ್ರಮ. ಚರಕಸಂಹಿತೆಯ ವಿಮಾನಸ್ಥಾನವು ಅಧ್ಯಯನ, ಅಧ್ಯಾಪನ, ಒಂದೇ ವಿದ್ಯೆಯವರ ಸಂಭಾಷೆ ಎಂಬ ಮೂರನ್ನು ಜ್ಞಾನೋಪಾಯಗಳೆಂದು ಹೇಳಿ, ಸಂಭಾಷೆಯನ್ನು ಸ್ನೇಹದಿಂದ ಕೂಡಿದುದು, ಸ್ಪರ್ಧೆಯಿಂದ ಕೂಡಿದುದು ಎಂದು ಎರಡು ಬಗೆಯಾಗಿ ವಿಂಗಡಿಸುತ್ತದೆ. ಗುರುವು ಮೆಚ್ಚಿದ ಶಿಷ್ಯನಿಗೆ ಮಾತ್ರ ಗುಟ್ಟಾಗಿ ಹೇಳಿದ ವಿಷಯವನ್ನು ಆ ಶಿಷ್ಯನು ಗೆಲ್ಲುವ ಉಬ್ಬಿನಲ್ಲಿ ಸಭೆಯಲ್ಲಿ ಬಾಯಿಬಿಟ್ಟು ಹೇಳಿಬಿಡುತ್ತಾನೆ, ಅದರಿಂದ ಕೇಳುವವರಿಗೆ ಲಾಭ, ಎಂದು ಚರಕನು ಸೂಕ್ಷ್ಮವಾಗಿ ಗಮನಿಸಿದ್ದಾನೆ. ಸ್ಪರ್ಧೆಗೆ ಇಳಿಯುವ ಮುನ್ನ ಎದುರಾಳಿಯು ತನಗಿಂತ ಹಿರಿಯನೋ ಕಿರಿಯನೋ ಸಮನೋ ಎಂದು ಅಳೆಯಬೇಕು. ಸಭೆಯು ತಿಳಿದವರದೋ ತಿಳಿಯದವರದೋ, ಒಲಿದುದೋ ಮುನಿದುದೋ ಎಂದು ನೋಡಬೇಕು. ಎಲ್ಲಕ್ಕಿಂತ ಮೊದಲು ತನ್ನ ಗುಣದೋಷಗಳನ್ನು ತಾನೇ ತೂಗಿಕೊಳ್ಳಬೇಕು. ನೆನಪಿಲ್ಲದವನನ್ನು, ಅಂಜುವವನನ್ನು, ಸಿಟ್ಟಿನವನನ್ನು ಹೇಗೆ ಮಣಿಸಬೇಕೆಂಬ ಉಪಾಯಗಳನ್ನೂ ಚರಕನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಕನ್ನಡನಾಡಿಗೆ ಇದು ಹೊರಗಿನ ಮಾತಲ್ಲ. 'ಕಲ್ಯಾಣಕಾರಕ'ವನ್ನು ರಚಿಸಿದ ಉಗ್ರಾದಿತ್ಯನು ಔಷಧದಲ್ಲಿ ಮಾಂಸವು ಅನಾವಶ್ಯಕವೆಂಬ ತನ್ನ ಪಕ್ಷವನ್ನು ನೃಪತುಂಗನ ಆಸ್ಥಾನದಲ್ಲಿ ವಿದ್ವಾಂಸರ ನಡುವೆ ಮಂಡಿಸಿದನೆಂದು ಆ ಗ್ರಂಥದ ಹಿತಾಹಿತಾಧ್ಯಾಯವೇ ತಿಳಿಸುತ್ತದೆ. ಆ ನೃಪತುಂಗನ ಆಸ್ಥಾನದಲ್ಲಿಯೇ ಹುಟ್ಟಿದ 'ಕವಿರಾಜಮಾರ್ಗ'ವು ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲ ಗುಣವನ್ನೇ ನಿಜವಾದ ಸಂಪತ್ತೆಂದು ಬೆಲೆಕಟ್ಟಿತು.

ಸಭೆಯಲ್ಲಿ ಸೋಲನ್ನು ನಿರ್ಣಯಿಸುವ ನಿಯಮಗಳೂ ಇದ್ದುವು. ನ್ಯಾಯಸೂತ್ರಗಳು ೨೨ ನಿಗ್ರಹಸ್ಥಾನಗಳನ್ನು ಎಣಿಸುತ್ತವೆ. ಅವುಗಳಲ್ಲಿ ಕೆಲವು ತರ್ಕದ ದೋಷಗಳು, ಕೆಲವು ನಡತೆಯ ದೋಷಗಳು. ಎದುರಾಳಿಯು ಮೂರು ಸಲ ಹೇಳಿ, ಸಭೆಗೆ ಅರ್ಥವಾದ ಮಾತನ್ನು ತಾನು ಅನುವಾದಿಸಲಾರದೆ ಹೋದರೆ ಅದು 'ಅನನುಭಾಷಣ'. ಉತ್ತರ ಹೊಳೆಯದಿದ್ದರೆ 'ಅಪ್ರತಿಭಾ'. ಬೇರೆ ಕೆಲಸವಿದೆಯೆಂದು ನೆಪವೊಡ್ಡಿ ಎದ್ದುಹೋದರೆ 'ವಿಕ್ಷೇಪ'. ಎದುರಾಳಿಯ ತಪ್ಪನ್ನು ಕಂಡೂ ಹಿಡಿಯದೆ ಬಿಟ್ಟರೆ ಸೋಲು. ತಪ್ಪಿಲ್ಲದೆಡೆ ತಪ್ಪನ್ನು ಹೊರಿಸಿದರೂ ಸೋಲು. ಇವುಗಳಲ್ಲಿ ಅನನುಭಾಷಣವೇ ಶಿಕ್ಷಣದ ದೃಷ್ಟಿಯಿಂದ ಬಹುಮುಖ್ಯವಾದುದು. ಅದನ್ನು ತಪ್ಪಿಸಿಕೊಳ್ಳಬೇಕಾದವನು ಮಾತನಾಡುವ ಮೊದಲು ಕೇಳಲು ಕಲಿಯಲೇಬೇಕಾಗಿತ್ತು.

ಬೌದ್ಧ ತಾರ್ಕಿಕ ಧರ್ಮಕೀರ್ತಿಯು 'ವಾದನ್ಯಾಯ'ದಲ್ಲಿ ಈ ೨೨ನ್ನೂ ತಳ್ಳಿಹಾಕಿ ಎರಡನ್ನು ಮಾತ್ರ ಉಳಿಸಿಕೊಂಡನು. ವಾದಿಯು ಸಾಧನಕ್ಕೆ ಅಂಗವಲ್ಲದುದನ್ನು ನುಡಿದರೆ ಅಥವಾ ಅಂಗವಾದುದನ್ನು ನುಡಿಯದಿದ್ದರೆ ಅವನಿಗೆ ಸೋಲು. ಪ್ರತಿವಾದಿಯು ಇರುವ ದೋಷವನ್ನು ಎತ್ತಿ ತೋರಿಸದಿದ್ದರೆ ಅಥವಾ ಇಲ್ಲದುದನ್ನು ತೋರಿಸಿದರೆ ಅವನಿಗೆ ಸೋಲು. ನೋಡಲು ಇದು ಸರಳವೂ ಶುದ್ಧವೂ ಆದ ನಿಯಮ. ಇದನ್ನು ಎದುರಿಸಿದವನು ಅಕಲಂಕ. ಒಬ್ಬನ ಸ್ವಪಕ್ಷಸಿದ್ಧಿಯೇ ಇನ್ನೊಬ್ಬನ ನಿಗ್ರಹ. ಅದರ ಹೊರತು ಬೇರೆ ಜಯವೂ ಇಲ್ಲ, ಬೇರೆ ಪರಾಜಯವೂ ಇಲ್ಲ ಎಂಬುದು ಅವನ ನಿಲುವು. ವಾದಿಯು ತನ್ನ ಪಕ್ಷವನ್ನು ಸಾಧಿಸಿದ್ದಾನೆ, ಜೊತೆಗೆ ನಾಲ್ಕು ಹೆಚ್ಚಿನ ಮಾತನ್ನೂ ಆಡಿದ್ದಾನೆ ಎಂದಿಟ್ಟುಕೊಂಡರೆ, ಆ ಹೆಚ್ಚಿನ ಮಾತಿಗಾಗಿ ಅವನು ಸೋತನೆನ್ನುವುದು ಹೇಗೆ? ತನ್ನ ಸಾಧ್ಯವನ್ನು ಸಾಧಿಸಿದವನು ಆಮೇಲೆ ಎದ್ದು ಕುಣಿದರೂ ದೋಷವಿಲ್ಲವೆಂದು ಈ ಪರಂಪರೆಯ ಮುಂದಿನ ಗ್ರಂಥಕಾರರು ಹಾಸ್ಯವಾಗಿ ಹೇಳಿದ್ದಾರೆ. ಹಾಗೆಯೇ ಎದುರಾಳಿಯ ನಾಲಗೆ ತೊಡರಿತೆಂದ ಮಾತ್ರಕ್ಕೆ ತನ್ನ ಪಕ್ಷ ಗೆದ್ದಿತೆಂದು ಹೇಳಿಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಅವನು ಬಿದ್ದ ಮೇಲೆಯೂ ಇವನು ತನ್ನ ಪಕ್ಷವನ್ನು ನಿಲ್ಲಿಸಿ ತೋರಿಸಬೇಕು.

ತರ್ಕಶಾಸ್ತ್ರದ ಒಳಗಿನ ಸಣ್ಣ ಜಗಳವೆಂದು ಇದನ್ನು ತಳ್ಳಿಹಾಕುವಂತಿಲ್ಲ. ಧರ್ಮಕೀರ್ತಿಯ ನಿಯಮದಂತೆ ಅಭ್ಯಾಸ ಮಾಡಿದ ವಿದ್ಯಾರ್ಥಿಯು ಎದುರಾಳಿಯ ವಾಕ್ಯದಲ್ಲಿ ಬಿರುಕನ್ನು ಹುಡುಕುವುದರಲ್ಲಿ ನಿಪುಣನಾಗುತ್ತಾನೆ. ತಾನು ಮಾತ್ರ ಎಲ್ಲಿಯೂ ಸಿಕ್ಕಿಬೀಳದಂತೆ ಕಡಮೆ ಮಾತನಾಡಲು ಕಲಿಯುತ್ತಾನೆ. ಅಕಲಂಕನ ನಿಯಮದಂತೆ ಬೆಳೆದವನಿಗೆ ಆ ಜಾಣತನ ಸಾಲದು. ಅವನು ಹೊಣೆ ಹೊರಬೇಕಾಗುತ್ತದೆ. ಧರ್ಮಕೀರ್ತಿಗೂ ಛಲಜಾತಿಗಳು ಸಮ್ಮತವಾಗಿರಲಿಲ್ಲವೆಂಬುದನ್ನು ನ್ಯಾಯದೃಷ್ಟಿಯಿಂದ ಇಲ್ಲಿ ಹೇಳಲೇಬೇಕು. ಕಪಟದಿಂದ ಗೆಲ್ಲುವುದನ್ನು ಅವನೂ ಖಂಡಿಸಿದನು. ಭೇದವಿರುವುದು ಪ್ರಾಮಾಣಿಕತೆಯಲ್ಲಲ್ಲ, ಜಯವನ್ನು ಎಲ್ಲಿ ಇಡಬೇಕೆಂಬಲ್ಲಿ. ಅಕಲಂಕನ 'ನ್ಯಾಯವಿನಿಶ್ಚಯ'ಕ್ಕೆ ಬೃಹತ್ತಾದ ವಿವರಣವನ್ನು ಬರೆದ ವಾದಿರಾಜನು ಚಾಲುಕ್ಯ ಜಯಸಿಂಹ ಜಗದೇಕಮಲ್ಲನ ಕಾಲದವನು. ಅವನ 'ಪಾರ್ಶ್ವನಾಥಚರಿತ'ವು ಶಕ ೯೪೭ರಲ್ಲಿ ಮುಗಿಯಿತು. ಅರಸನ ಬಿರುದನ್ನೇ ಕೂಡಿಸಿ ಅವನನ್ನು 'ಜಗದೇಕಮಲ್ಲವಾದಿ' ಎಂದು ಕರೆದರು.

ಸಭೆಯ ರಚನೆಯ ವಿಷಯದಲ್ಲಿ ದೀರ್ಘವಾಗಿ ಹೇಳಬೇಕಾದುದಿಲ್ಲ. ವಾದಿ, ಪ್ರತಿವಾದಿ, ಸಭ್ಯರು, ಸಭಾಪತಿ ಎಂಬ ನಾಲ್ಕು ಅಂಗಗಳು. ಸ್ಪರ್ಧೆಯಿಲ್ಲದ ಕಡೆ ಮೊದಲಿನ ಎರಡೇ ಸಾಕು. ಲಿಖಿತ ವಾದವೂ ಇತ್ತು; ಗೂಢವಾದ ವಾಕ್ಯದಲ್ಲಿ ಅನುಮಾನವನ್ನಡಗಿಸಿ ಎದುರಾಳಿಗೆ ಕೊಡುವ 'ಪತ್ರ'ದ ಲಕ್ಷಣವನ್ನು ಪರಿಶೀಲಿಸಲು ವಿದ್ಯಾನಂದನು 'ಪತ್ರಪರೀಕ್ಷೆ' ಎಂಬ ಪ್ರತ್ಯೇಕ ಗ್ರಂಥವನ್ನೇ ಬರೆದನು.

ಈ ಶಿಕ್ಷಣವನ್ನು ಪಡೆದ ದಕ್ಷಿಣದ ವಾದಿಯೊಬ್ಬನು ಪರನಾಡಿನಲ್ಲಿ ಸೋತ ಪ್ರಸಂಗವು ಪ್ರಶಸ್ತಿಗಳಷ್ಟೇ ಬೋಧಪ್ರದವಾಗಿದೆ. ಸುಮಾರು ೧೧೨೫ರಲ್ಲಿ ಗುಜರಾತಿನ ಅಣಹಿಲಪಾಟಕದಲ್ಲಿ, ಚೌಲುಕ್ಯ ಜಯಸಿಂಹ ಸಿದ್ಧರಾಜನ ಸಭೆಯಲ್ಲಿ, ದಿಗಂಬರ ಕುಮುದಚಂದ್ರನಿಗೂ ಶ್ವೇತಾಂಬರ ದೇವಸೂರಿಗೂ ವಾದವಾಯಿತು. ಸ್ತ್ರೀಯರಿಗೆ ಮೋಕ್ಷವುಂಟೇ ಎಂಬುದು ಅದರ ಮುಖ್ಯ ವಿಷಯಗಳಲ್ಲೊಂದು. ದಿಗಂಬರನು ಸೋತರೆ ಪಟ್ಟಣವನ್ನು ಬಿಡಬೇಕೆಂದು ಪಣ. ಸಿದ್ಧರಾಜನ ತಾಯಿ ಮಯಣಲ್ಲದೇವಿಯು ಕದಂಬ ಜಯಕೇಶಿಯ ಮಗಳು, ಕರ್ಣಾಟದಿಂದ ಬಂದವಳು. ತವರಿನ ಕಡೆಯಿಂದ ಬಂದ ವಾದಿಯ ಮೇಲೆ ಆಕೆಗೆ ಮೊದಲು ಪಕ್ಷಪಾತವಿತ್ತೆಂದೂ, ಸ್ತ್ರೀಯರ ಪುಣ್ಯಕಾರ್ಯಗಳ ಹಿರಿಮೆಯನ್ನು ಅಲ್ಲಗಳೆಯುವವನು ಅವನೇ ಎಂಬುದನ್ನು ಹೇಮಚಂದ್ರನು ತಿಳಿಯಪಡಿಸಿದ ಮೇಲೆ ಆ ಪಕ್ಷಪಾತವನ್ನು ಬಿಟ್ಟಳೆಂದೂ ಮೇರುತುಂಗನ 'ಪ್ರಬಂಧಚಿಂತಾಮಣಿ' ಹೇಳುತ್ತದೆ. ಪರದೇಶದಲ್ಲಿ ನೆಲಸಿದವರಿಗೆ ಈ ತವರಿನ ಮೋಹ ಅಪರಿಚಿತವಲ್ಲ. ತನ್ನ ನಾಡಿನವನೆಂಬುದು ಒಂದು ಕಡೆ, ಅವನಾಡುವ ಮಾತು ಇನ್ನೊಂದು ಕಡೆ ಇದ್ದಾಗ ರಾಣಿಯು ಮಾತನ್ನು ನೋಡಿದಳು.

ಈ ಪ್ರಸಂಗವೂ ಗೆದ್ದವರ ಕಡೆಯಿಂದಲೇ ಬಂದುದು. ಯಶಶ್ಚಂದ್ರನು 'ಮುದ್ರಿತಕುಮುದಚಂದ್ರ' ಎಂಬ ನಾಟಕವನ್ನೇ ರಚಿಸಿ ಕುಮುದಚಂದ್ರನ ಬಾಯಿಗೆ ಮುದ್ರೆಯೊತ್ತಿದನು. ಆದರೆ ಇದರಲ್ಲಿ ಎರಡು ವೈಚಿತ್ರ್ಯಗಳಿವೆ. ಸ್ತ್ರೀಮುಕ್ತಿಯನ್ನು ಸಮರ್ಥಿಸುವ ಪ್ರಸಿದ್ಧ ಪ್ರಕರಣವೊಂದನ್ನು ಬರೆದವನು ಶ್ವೇತಾಂಬರನಲ್ಲ; ರಾಷ್ಟ್ರಕೂಟ ಅಮೋಘವರ್ಷನ ಕಾಲದ ಯಾಪನೀಯ ಯತಿ ಶಾಕಟಾಯನನು. ಎಂದರೆ ಕುಮುದಚಂದ್ರನಿಗೆ ಎದುರಾಗಿ ನಿಂತ ಪಕ್ಷವು ಕನ್ನಡನಾಡಿನಲ್ಲಿಯೂ ಬಲವಾಗಿ ಬೆಳೆದ ಪಕ್ಷವೇ ಆಗಿತ್ತು. ಇನ್ನೊಂದು: ಜಯಪರಾಜಯಗಳ ವಿಷಯದಲ್ಲಿ ಅಕಲಂಕನು ಹಾಕಿದ ನಿಯಮವನ್ನೇ ಹೇಮಚಂದ್ರನು 'ಪ್ರಮಾಣಮೀಮಾಂಸೆ'ಯಲ್ಲಿ ಸ್ವೀಕರಿಸಿದನು. ಕರ್ಣಾಟದ ವಾದಿ ಪಾಟಣದಲ್ಲಿ ಸೋತನು. ಕರ್ಣಾಟದ ವಾದನಿಯಮ ಪಾಟಣದಲ್ಲಿ ಗೆದ್ದಿತು. ವಿಜೇತನಾದ ದೇವಸೂರಿಯೂ ತನ್ನ 'ಪ್ರಮಾಣನಯತತ್ತ್ವಾಲೋಕ'ದ ಕೊನೆಯ ಪರಿಚ್ಛೇದವನ್ನು ವಾದಕ್ಕೇ ಮೀಸಲಿಟ್ಟು, ವಾದಕ್ಕಿಳಿಯುವವರನ್ನು ಗೆಲ್ಲಬಯಸುವವರು, ತತ್ತ್ವವನ್ನು ನಿರ್ಣಯಿಸಬಯಸುವವರು ಎಂದು ವಿಂಗಡಿಸಿದನು. ತನ್ನಲ್ಲಿಯೇ ನಿರ್ಣಯವನ್ನು ಬಯಸುವವನಿಗೆ ಅವನು ಕೊಟ್ಟ ಉದಾಹರಣೆ ಶಿಷ್ಯ; ಪರರಲ್ಲಿ ನಿರ್ಣಯವನ್ನು ಉಂಟುಮಾಡಬಯಸುವವನಿಗೆ ಉದಾಹರಣೆ ಗುರು. ಸಭ್ಯರು ಎರಡೂ ಸಿದ್ಧಾಂತಗಳನ್ನು ಬಲ್ಲವರೂ ತಾಳ್ಮೆಯುಳ್ಳವರೂ ಮಧ್ಯಸ್ಥರೂ ಆಗಿರಬೇಕೆಂದೂ, ಯಾರು ಮೊದಲು ಮಾತನಾಡಬೇಕೆಂಬುದನ್ನು ಅವರೇ ನಿಯಮಿಸಬೇಕೆಂದೂ ಅವನು ವಿಧಿಸಿದ್ದಾನೆ.

ಮಧ್ಯಸ್ಥರಿಲ್ಲದ ಕಡೆ ವಾದವು ಏನಾಗುತ್ತದೆಂಬುದಕ್ಕೆ ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನವು ಸಾಕ್ಷಿ. ಸುಮಾರು ೧೨೦೦ರ ಈ ಶಾಸನದಂತೆ ಏಕಾಂತದ ರಾಮಯ್ಯನು ಜೈನರೊಡನೆ ವಿವಾದಕ್ಕೆ ನಿಂತು, ತಲೆಯನ್ನು ಕಡಿದು ಮತ್ತೆ ಪಡೆಯುವುದೇ ಪ್ರಮಾಣವೆಂದು ಓಲೆಯನ್ನು ಬರೆಯಿಸಿಕೊಂಡನು. ಏಳು ದಿನಗಳ ಮೇಲೆ ತಲೆ ಬಂದಿತೆಂದೂ, ಜೈನರು ಒಪ್ಪಂದಕ್ಕೆ ತಪ್ಪಿದರೆಂದೂ, ಅವನು ಜಿನಬಿಂಬವನ್ನು ಕೆಡಹಿದನೆಂದೂ, ಬಿಜ್ಜಳನು ಓಲೆಯನ್ನು ನೋಡಿ ಅವನಿಗೆ ಜಯಪತ್ರವನ್ನು ಕೊಟ್ಟನೆಂದೂ ಶಾಸನ ಹೇಳುತ್ತದೆ. ಓಲೆ, ಪಣ, ಸಾಕ್ಷಿ, ಜಯಪತ್ರ: ಸಭೆಯ ಹೊರತೊಡುಗೆಗಳೆಲ್ಲ ಇಲ್ಲಿವೆ, ಹೇತು ಮಾತ್ರ ಇಲ್ಲ. ಪವಾಡವನ್ನು ಅನುಭಾಷಣ ಮಾಡುವುದು ಹೇಗೆ? ೧೩೬೮ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ವಿಜಯನಗರದ ಬುಕ್ಕರಾಯನು ಯಾರನ್ನೂ ವಾದಕ್ಕೆ ಕರೆಯಲಿಲ್ಲ. ಒಬ್ಬರ ಕೈಯನ್ನು ಇನ್ನೊಬ್ಬರ ಕೈಯಲ್ಲಿಟ್ಟು ಭೇದವಿಲ್ಲವೆಂದು ತೀರ್ಪಿತ್ತನು. ವಾದದ ಮೇಲಣ ಭರವಸೆ ಅಷ್ಟರಮಟ್ಟಿಗೆ ಕುಂದಿತ್ತೋ, ಅಥವಾ ಅರಸನಿಗೆ ವ್ಯವಹಾರಜ್ಞಾನ ಹೆಚ್ಚಾಗಿತ್ತೋ, ಎರಡನ್ನೂ ವಾದಿಸಲು ಸಾಧ್ಯ.

ಮುಂಬಯಿಯಲ್ಲಿ ೧೮೪೮ರಲ್ಲಿ ಎಲ್ಫಿನ್‌ಸ್ಟನ್ ವಿದ್ಯಾಲಯದ ತರುಣರು ತಮ್ಮ ಸಾಹಿತ್ಯ ವಿಜ್ಞಾನ ಸಭೆಯನ್ನು ಸ್ಥಾಪಿಸಿದಾಗ ಈ ನಗರದಲ್ಲಿ ಬೇರೊಂದು ಬಗೆಯ ವಾದಶಿಕ್ಷಣ ಮೊದಲಾಯಿತು. ೧೮೫೫ರಲ್ಲಿ ಹೊನ್ನಾವರದಲ್ಲಿ ಹುಟ್ಟಿ ಎಲ್ಫಿನ್‌ಸ್ಟನ್‌ನಲ್ಲಿ ಓದಿದ ನಾರಾಯಣ ಗಣೇಶ ಚಂದಾವರಕರರು ಆ ಹೊಸ ಶಿಕ್ಷಣದ ಶ್ರೇಷ್ಠ ಫಲಗಳಲ್ಲೊಬ್ಬರು. ೧೮೮೫ರಲ್ಲಿ ಇಂಗ್ಲೆಂಡಿನ ಚುನಾವಣೆಯ ಸಂದರ್ಭದಲ್ಲಿ ಹಿಂದುಸ್ಥಾನದ ಪಕ್ಷವನ್ನು ಅಲ್ಲಿನ ಮತದಾರರ ಮುಂದಿಡಲು ಆರಿಸಿ ಕಳುಹಿಸಿದ ಮೂವರಲ್ಲಿ ಅವರೂ ಒಬ್ಬರು. ಉಳಿದಿಬ್ಬರು ಬಂಗಾಳದ ಮನಮೋಹನ ಘೋಷ ಮತ್ತು ಮದರಾಸಿನ ಸೇಲಂ ರಾಮಸ್ವಾಮಿ ಮೊದಲಿಯಾರ್. ಕೊಂಕಣದಿಂದ ಹೊರಟ ತೇಜಃಕಂಠನಿಗೂ ಇವರಿಗೂ ನಡುವೆ ಏಳು ಶತಮಾನಗಳಿಗೂ ಹೆಚ್ಚಿನ ಅಂತರವಿದೆ. ಚಂದಾವರಕರರು ೧೯೦೦ರ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಮುಂಬಯಿಯ ಉಚ್ಚ ನ್ಯಾಯಾಲಯದ ಪೀಠವನ್ನೇರಿ ಸ್ವತಃ ಮಧ್ಯಸ್ಥರೂ ಆದರು.

ಹೊಸ ಪದ್ಧತಿಯಲ್ಲಿ ಹಳೆಯದಕ್ಕಿಲ್ಲದ ಒಂದು ಅಂಶವುಂಟು. ಇಂದಿನ ಚರ್ಚಾಸ್ಪರ್ಧೆಯಲ್ಲಿ ವಿದ್ಯಾರ್ಥಿಯ ಪಕ್ಷವನ್ನು ಅನೇಕ ವೇಳೆ ಚೀಟಿಯೆತ್ತಿ ಗೊತ್ತುಮಾಡುತ್ತಾರೆ. ತಾನು ನಂಬದುದನ್ನೂ ಅವನು ಸಮರ್ಥಿಸಬೇಕು. ಪ್ರಾಚೀನರ ಸಭೆಯಲ್ಲಿ ಇದು ಅಸಂಭವ. ಸ್ವಸಿದ್ಧಾಂತವನ್ನು ಬಿಟ್ಟು ನುಡಿದರೆ 'ಅಪಸಿದ್ಧಾಂತ'ವೆಂಬ ನಿಗ್ರಹಸ್ಥಾನ ಒದಗುತ್ತಿತ್ತು. ಚೀಟಿಯ ಪದ್ಧತಿಯು ತರುಣರನ್ನು ನಂಬಿಕೆಯಿಲ್ಲದ ಮಾತುಗಾರರನ್ನಾಗಿ ಮಾಡುತ್ತದೆಂಬ ಆಕ್ಷೇಪದಲ್ಲಿ ಸತ್ಯವಿಲ್ಲದಿಲ್ಲ. ಆದರೆ ನಾಗಾವಿಯ ವಿದ್ಯಾರ್ಥಿಯು ಭಾಟ್ಟಮತವನ್ನೂ ಪ್ರಾಭಾಕರವನ್ನೂ ಕೇಳಿದಂತೆ, ಕೋಡಿಯಮಠದ ಶೈವನು ಬೌದ್ಧದರ್ಶನವನ್ನು ಓದಿದಂತೆ, ಈ ತರುಣನೂ ಒಂದು ಗಂಟೆಯ ಕಾಲವಾದರೂ ಎದುರುಪಕ್ಷದ ಮನೆಯೊಳಗೆ ಕುಳಿತು ಬರುತ್ತಾನೆ. ಹಳಬರು ಅದನ್ನು ಅಧ್ಯಯನದಲ್ಲಿ ಮುಗಿಸಿ ಸಭೆಗೆ ತನ್ನ ಪಕ್ಷವನ್ನು ಮಾತ್ರ ತಂದರು. ಹೊಸಬರು ಸಭೆಯನ್ನೇ ಅಧ್ಯಯನವನ್ನಾಗಿ ಮಾಡಿಕೊಂಡರು. ಸೋತವನು ಊರನ್ನು ಬಿಡಬೇಕೆಂಬ ಪಣವಿಲ್ಲದಿರುವುದರಿಂದ ಹೊಸ ಪದ್ಧತಿಯಲ್ಲಿ ಸೋತು ಕಲಿಯುವ ಅವಕಾಶ ಹೆಚ್ಚು. ಕುಮುದಚಂದ್ರನಿಗೆ ಆ ಅವಕಾಶವಿರಲಿಲ್ಲ.

ಚಿಕ್ಕಬೆಟ್ಟದ ಕಂಬದ ಬಗೆಗೆ ಇನ್ನೊಂದು ಮಾತು ಉಳಿದಿದೆ. ಅಷ್ಟೊಂದು ಭೇರಿಗಳ, ಪಂಥಗಳ, ವಿಜಯಗಳ ಸಾಲು ಕೊನೆಗೆ ಬಂದು ನಿಲ್ಲುವುದು ಮಲ್ಲಿಷೇಣ ಮಲಧಾರಿಯ ಬಳಿಯಲ್ಲಿ. ಅವನ ಗುರು ಅಜಿತಸೇನನಿಗೆ 'ವಾದೀಭಸಿಂಹ'ನೆಂಬ ಬಿರುದಿತ್ತು. ಶಿಷ್ಯನನ್ನು ಮಾತ್ರ ಪ್ರಶಸ್ತಿಯು ಹೊಗಳುವುದು ವಾದಕ್ಕಾಗಿ ಅಲ್ಲ, ತಪಸ್ಸಿಗಾಗಿ. ಮೈಯ ಮಲವನ್ನೇ ಹೊದಿಕೆಯಾಗಿ ಧರಿಸಿದ ಅವನ ನಿಸ್ಪೃಹತೆಗಾಗಿ. ಶಕ ೧೦೫೦ರ ಕೀಲಕ ಸಂವತ್ಸರದ ಫಾಲ್ಗುಣದಲ್ಲಿ, ಮೂರು ದಿನಗಳ ನಿರಶನವನ್ನು ಕೈಗೊಂಡು, ಅವನು ಅದೇ ಬೆಳಗೊಳದಲ್ಲಿ ಮುಡಿಪಿದನು. ಪದ್ಯಗಳನ್ನು ರಚಿಸಿದವನು ಮಲ್ಲಿನಾಥ. ಸಂಸ್ಕೃತದ ಆ ದೀರ್ಘ ಕಾವ್ಯವೆಲ್ಲ ಮುಗಿದ ಮೇಲೆ ಕಂಬದ ಕೊನೆಯಲ್ಲಿ ಕನ್ನಡ ಬರುತ್ತದೆ. ಅಕ್ಷರಗಳನ್ನು ಕಡೆದ ರೂವಾರಿ ಗಂಗಾಚಾರಿಯ ಹೆಸರು ಅದರಲ್ಲಿದೆ.